ಹಟ್ಟಿಯಲ್ಲಿ ಕೋಳಿ ಇರಲಿಲ್ಲ

ಕಳೆದ ತಿಂಗಳು ಚಳ್ಳಕೆರೆಯಲ್ಲಿ ಫೋನಿನ ಒಡೆದ ಗಾಜು ಬದಲಿಸಲು ರಫೀಕ್ ಭಾಯ್ ಅಂಗಡಿಯಲ್ಲಿ ಕೂತಿದ್ದೆ. ಕೂತಿದ್ದೆ ಅನ್ನುವುದು ಸುಳ್ಳು, ನಿಂತಿದ್ದೆ. ನನಗೆ ಒಂದು ಕಡೆ ಕೂರುವ ಅಭ್ಯಾಸ ತಪ್ಪಿ ಮೂರು ವರ್ಷವಾಯಿತು. ಹಿಂದಿನ ಬೀದಿಯ ಎಣ್ಣೆ ಮಿಲ್ಲಿನಿಂದ ಶೇಂಗಾ ಹಿಂಡಿಯ ಬಿಸಿ ವಾಸನೆ ಬರುತ್ತಿತ್ತು. ಗಿರಾಕಿಗಳಿಗೆ ತೋರಿಸಲೆಂದು ಕೌಂಟರಿನ ಮೇಲಿಟ್ಟ ದೊಡ್ಡ ಫೋನಿನಲ್ಲಿ ಯಾವುದೋ ಗೇಮು ತನ್ನ ಪಾಡಿಗೆ ತಾನು ಓಡುತ್ತಿತ್ತು. ಅದರೊಳಗಿಂದ ಗಂಟೆಯ ಸದ್ದು ಬಂತು. ಟಣ್ ಎಂದು ಶುರುವಾಗಿ, ನಡುವೆ ಗಂಟಲು ಕಟ್ಟಿದಂತಾಗಿ ನಿಲ್ಲುವ ಒಡಕು ಗಂಟೆ.

ಆ ಗಂಟೆ ನನಗೆ ಗೊತ್ತು. ಅದರ ಸದ್ದನ್ನು ಹಿಡಿದು ಕಡಲಾಚೆಗೆ ಕಳಿಸಿದವನು ನಾನೇ. ಬಿ.ಜಿ. ಕೆರೆಯಿಂದ ಒಳಗೆ ಹೋದರೆ ಸಿಗುವ ಒಂದು ಹಟ್ಟಿಯಲ್ಲಿ, ದೇವರ ಎತ್ತುಗಳ ರೊಪ್ಪದಲ್ಲಿ, ಮೂರು ಬೇಸಿಗೆಗಳ ಹಿಂದೆ.

“ಭಾಯ್, ಅದನ್ನ ಸ್ವಲ್ಪ ಇಲ್ಲಿ ಕೊಡ್ರಿ” ಅಂದೆ.

“ತಗೊಳ್ಳಿ ಸೀನಣ್ಣ. ಹೊಸ ಗೇಮು, ಮಸ್ತ್ ಐತೆ” ಎಂದು ರಫೀಕ್ ಭಾಯ್ ಫೋನನ್ನು ಮುಂದೆ ತಳ್ಳಿದರು.

ಕೈಗೆ ತೆಗೆದುಕೊಂಡೆ, ಆದರೆ ನೋಡಲಿಲ್ಲ. ಪರದೆಯನ್ನು ಅಂಗಿಗೆ ಒತ್ತಿ ಹಿಡಿದುಕೊಂಡು ಬೀದಿಯ ಕಡೆ ಮುಖ ಮಾಡಿ ನಿಂತೆ. ಅದರಲ್ಲಿ ಕೋಳಿ ಇದೆಯೋ ಇಲ್ಲವೋ ಎಂಬ ಒಂದೇ ಒಂದು ವಿಷಯ ನನಗೆ ತಿಳಿಯಬೇಕಿತ್ತು. ತಿಳಿಯುವುದು ಬೇಡವೆಂದೇ ನಾನು ಇಷ್ಟು ದಿನ ತಲೆ ತಪ್ಪಿಸಿಕೊಂಡು ಓಡಾಡಿದ್ದೆ.

ನಾನು ಮೊಳಕಾಲ್ಮೂರಿನವನು. ನಮ್ಮ ಮನೆಯಲ್ಲಿ ಅಣ್ಣ ರೇಷ್ಮೆ ಸೀರೆ ನೇಯುತ್ತಾನೆ, ಅವ್ವ ಕಂಡಿಕೆಗೆ ನೂಲು ಸುತ್ತುತ್ತಾಳೆ. ನನ್ನದು ಗ್ರಾಫಿನ ಕೆಲಸ. ಸೆರಗಿಗೆ ಬರುವ ಹಂಸ, ಮಾವು, ನವಿಲುಗಳನ್ನು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಬಿಡಿಸಿ ಕೊಡುತ್ತೇನೆ. ಅದರಂತೆ ರಟ್ಟಿಗೆ ತೂತು ಬೀಳುತ್ತದೆ, ತೂತಿನಂತೆ ಮಗ್ಗದಲ್ಲಿ ಎಳೆ ಏಳುತ್ತದೆ. ಆ ಚಿತ್ರಗಳನ್ನು ಇಂಟರ್‌ನೆಟ್ಟಿಗೆ ಹಾಕಿದ್ದೆ. ಅವನ್ನು ನೋಡಿ ಯುರೋಪಿನ ಒಂದು ಗೇಮ್ ಕಂಪನಿಯವರು ಕಾಗದ ಬರೆದರು. ತಮ್ಮ ಹೊಸ ಗೇಮಿನ ಒಂದು ಭಾಗ ದಕ್ಷಿಣ ಭಾರತದ ಒಣಸೀಮೆಯಲ್ಲಿ ನಡೆಯುತ್ತದೆ, ಅಲ್ಲಿನವರ ಬಟ್ಟೆಬರೆ ಸರಿಯಾಗಿದೆಯೇ ನೋಡಿ ಹೇಳುತ್ತೀರಾ ಎಂದು ಕೇಳಿದ್ದರು. ಬರೆದವಳ ಹೆಸರು ಮಾರ್ತಾ. ಆ ಭಾಗದ ಉಸ್ತುವಾರಿ ಅವಳದು.

ಅವಳು ಕಳಿಸಿದ ಮೊದಲ ಚಿತ್ರ ನೋಡಿ ನಾನೂ ಅಣ್ಣನೂ ಬಿದ್ದು ಬಿದ್ದು ನಕ್ಕೆವು. ನಮ್ಮ ಬಂಡೆಗುಡ್ಡಗಳ ನಡುವೆ ತೆಂಗಿನ ತೋಪು! ತೋಪಿನ ಪಕ್ಕದಲ್ಲಿ ಒಂಟೆ. ಗಂಡಸರೆಲ್ಲರಿಗೂ ಕೇಸರಿ ಪೇಟ, ಹೆಂಗಸರೆಲ್ಲರ ತಲೆಯ ಮೇಲೂ ಕೊಡ. ಎಲ್ಲಿ ನೋಡಿದರೂ ಚೆಂಡು ಹೂವು. ಊರಿನವರು ಯಾರೂ ಕೆಲಸ ಮಾಡುತ್ತಿರಲಿಲ್ಲ, ಸುಮ್ಮನೆ ಕೈ ಮುಗಿದು ನಿಂತಿದ್ದರು. ಅವ್ವ ಇಣುಕಿ ನೋಡಿ, “ಇದೇ ಊರಪ್ಪಾ, ಯಾರ್ದೋ ಮದ್ವೆ ಐತೇನು?” ಅಂದಳು.

ನಗುವುದು ಮುಗಿದ ಮೇಲೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ. ತಪ್ಪುಗಳನ್ನೆಲ್ಲ ಪಟ್ಟಿ ಮಾಡಿ ಕಳಿಸಿದೆ. ಬೈದಾಳು ಎಂದುಕೊಂಡಿದ್ದರೆ ಮಾರ್ತಾ ಕೂಡಲೇ ಫೋನ್ ಮಾಡಿದಳು. “ನಾವು ಬೇರೆಯವರ ಗೇಮುಗಳನ್ನು ನೋಡಿ ನಮ್ಮದನ್ನು ಬಿಡಿಸಿದ್ದೆವು. ಅವರು ಇನ್ಯಾರದನ್ನೋ ನೋಡಿ ಬಿಡಿಸಿರಬೇಕು. ನೀನು ಬಟ್ಟೆ ಮಾತ್ರವಲ್ಲ, ಎಲ್ಲವನ್ನೂ ನೋಡು” ಅಂದಳು. ಅಲ್ಲಿಗೆ ನಾನು ಅವರ ಸಂಸ್ಕೃತಿ ಸಲಹೆಗಾರನಾದೆ. ಗೇಮಿನ ಕೊನೆಯಲ್ಲಿ ನನ್ನ ಹೆಸರು ಬರುತ್ತದೆಂದಳು. ಆ ವಾರವಿಡೀ ಬೀದಿಯಲ್ಲಿ ನನ್ನ ನಡಿಗೆಯೇ ಬೇರೆಯಾಗಿತ್ತೆಂದು ಅಣ್ಣ ಈಗಲೂ ಆಡಿಕೊಳ್ಳುತ್ತಾನೆ.

ಆ ವರ್ಷ ಶಿವರಾತ್ರಿ ಕಳೆದ ಮರುವಾರವೇ ಬಿಸಿಲು ಏರಿತು. ನಾನು ಬೈಕು ಹತ್ತಿ ತಿರುಗತೊಡಗಿದೆ. ಬಂಡೆ, ಜಾಲಿ ಮರ, ಬತ್ತಿದ ಹಳ್ಳದ ಮರಳು, ಕಣದ ಕಲ್ಲು, ಎಲ್ಲದರ ಫೋಟೊ ತೆಗೆದು ಕಳಿಸಿದೆ. ತೆಂಗು ಹೋಯಿತು, ಜಾಲಿ ಬಂತು. ಒಂಟೆ ಹೋಗಿ ಕುರಿಮಂದೆ ಬಂತು. ನಮ್ಮ ಗುಡ್ಡದ ಬಂಡೆಗಳು ಒಂದರ ಮೇಲೊಂದು ಕೂತಿರುವ ರೀತಿಯನ್ನು ಅವರು ಎಷ್ಟು ಚೆನ್ನಾಗಿ ಮಾಡಿದರೆಂದರೆ, ಪರದೆ ನೋಡಿದರೆ ಮೈ ಬೆವರುತ್ತಿತ್ತು. ಹಾಗೇ ಮಾತಿನ ನಡುವೆ ಒಂದು ದಿನ ದೇವರ ಎತ್ತುಗಳ ವಿಚಾರ ಹೇಳಿದೆ. ದನ ಸಾಕಿಕೊಂಡು ಬಂದ ಮ್ಯಾಸ ನಾಯಕರ ಹಟ್ಟಿಗಳಲ್ಲಿ ದೇವರಿಗೆ ಬಿಟ್ಟ ಎತ್ತುಗಳಿರುತ್ತವೆ. ಅವಕ್ಕೆ ನೊಗ ಹೂಡುವುದಿಲ್ಲ, ಅವನ್ನು ಮಾರುವುದಿಲ್ಲ. ಅವನ್ನು ಮೇಯಿಸಿ ನೋಡಿಕೊಳ್ಳುವವನು ಕಿಲಾರಿ. ಮಾರ್ತಾ ಅಷ್ಟಕ್ಕೇ ಹಿಡಿದುಕೊಂಡಳು. ಕಥೆಯ ನಾಯಕ ಶತ್ರುಗಳಿಂದ ತಪ್ಪಿಸಿಕೊಂಡು ಅಂಥ ಒಂದು ಹಟ್ಟಿಯಲ್ಲಿ ಅಡಗುತ್ತಾನೆ, ಅದನ್ನೇ ನಮ್ಮ ಮುಖ್ಯ ದೃಶ್ಯ ಮಾಡೋಣ ಅಂದಳು.

ಪಾಲಯ್ಯಜ್ಜ ನಮಗೆ ಗೊತ್ತಿದ್ದ ಕಿಲಾರಿ. ಮಗಳ ಮದುವೆ ಸೀರೆಗೆ ನಮ್ಮ ಮನೆಗೇ ಬಂದಿದ್ದ. ನಾನು ರೊಪ್ಪದ ಹತ್ತಿರ ಬೈಕು ನಿಲ್ಲಿಸಿದ ಕೂಡಲೇ ಅವನು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದ.

“ಕೆರ ಅಲ್ಲೇ ಕಲ್ಲಿನ್ ಮ್ಯಾಲೆ ಬಿಟ್ಟು ಬಾ.”

ರೊಪ್ಪ ಅಂದರೆ ಸುತ್ತ ಜಾಲಿಮುಳ್ಳಿನ ಬೇಲಿ, ಒಳಗೆ ಗೊಬ್ಬರದ ಮೆತ್ತನೆ ನೆಲ. ಬಾಗಿಲ ಪಕ್ಕದಲ್ಲಿ ಒಂದು ಚಪ್ಪಟೆ ಕಲ್ಲು. ಚಪ್ಪಲಿ ಬಿಟ್ಟು ಒಳಗೆ ಹೋಗಿ ವಿಷಯ ಹೇಳಿದೆ. ಗೇಮು ಅಂದರೇನೆಂದು ವಿವರಿಸಲು ಸ್ವಲ್ಪ ಹೊತ್ತು ಹಿಡಿಯಿತು.

“ಬೊಂಬೆ ಆಟ ಅನ್ನು. ಸೂತ್ರ ಆಡೋರ ಕೈಯಾಗಿರ್ತೈತೆ” ಅಂದ ಪಾಲಯ್ಯಜ್ಜ. ನಾನು ಕಾಲು ಗಂಟೆ ಹೇಳಿದ್ದು ಅಷ್ಟೇ ಆಗಿತ್ತು.

“ಹೂಂ ಅಜ್ಜ, ಹಂಗೇ.”

“ಏನ್ ತೋರ್ಸ್ತೀಯೋ ತೋರ್ಸು. ಇದ್ದದ್ದು ಇದ್ದಂಗೆ ತೋರ್ಸು. ಇವು ನಮ್ಮವಲ್ಲಪ್ಪ, ದೇವರವು. ನಾಳೆ ಯಾವ ದೇಶದೋನೋ ನೋಡಿ, ಪಾಲಯ್ಯನ ಎತ್ತು ಹಂಗಂತೆ ಹಿಂಗಂತೆ ಅಂದ್ರೆ ನಾನು ಹಟ್ಟ್ಯಾಗ ತಲೆ ಎತ್ತಂಗಿಲ್ಲ.”

“ಸುಳ್ಳು ಒಂದೂ ಇರಲ್ಲ ಅಜ್ಜ. ನನ್ನ ಮಾತು” ಅಂದೆ. ಇಷ್ಟು ಸಲೀಸಾಗಿ ಮಾತು ಕೊಟ್ಟವನು ಆ ಹಟ್ಟಿಯಲ್ಲಿ ಹಿಂದೆಯೂ ಇರಲಿಲ್ಲ, ಮುಂದೆಯೂ ಇರಲಾರ.

ಹನ್ನೊಂದು ಸಲ ಹೋದೆ. ಪ್ರತಿ ಸಲವೂ ಚಪ್ಪಟೆ ಕಲ್ಲಿನ ಮೇಲೆ ಚಪ್ಪಲಿ ಬಿಟ್ಟು ಒಳಗೆ ನಡೆದೆ. ಎತ್ತುಗಳ ಫೋಟೊ ತೆಗೆದೆ. ಅವುಗಳ ಉಸಿರು, ಮೆಲುಕು, ಗೊರಸಿನ ಸದ್ದು ಹಿಡಿದೆ. ಅವುಗಳಲ್ಲಿ ಹಿರಿಯದನ್ನು ದೊಡ್ಡೆತ್ತು ಅನ್ನುತ್ತಿದ್ದರು. ಬಿಳಿ ಮೈ, ಒಳಕ್ಕೆ ಬಾಗಿದ ಕೊಂಬು, ಕೊರಳಲ್ಲಿ ಬಿರುಕು ಬಿಟ್ಟ ಗಂಟೆ. ಆ ಗಂಟೆಯ ಸದ್ದು ಕೇಳಿದರೆ ಉಳಿದ ಎತ್ತುಗಳು ಮೇಯುವುದು ಬಿಟ್ಟು ಹಿಂದೆ ಹೊರಡುತ್ತಿದ್ದವು. ಅದನ್ನು ಮಾತ್ರ ಒಂದು ಪೂರ್ತಿ ಸಂಜೆ ಕೂತು ಹಿಡಿದೆ.

ಯುಗಾದಿಯ ಹೊತ್ತಿಗೆ ಮಾರ್ತಾ ಒಂದು ಪಟ್ಟಿ ಕಳಿಸಿದಳು. ಹಟ್ಟಿಯಲ್ಲಿ ಏನೇನು ಇರುತ್ತದೆ, ಗುರುತು ಹಾಕು ಎಂದು. ಬಾವಿ, ಬೀಸುವ ಕಲ್ಲು, ನಾಯಿ, ಮೇಕೆ, ಕೋಳಿ, ಹಗ್ಗದ ಮಂಚ, ಹೀಗೆ ನೂರೆಂಟು. ಕರೆಂಟು ಹೋಗುವುದರೊಳಗೆ ಮುಗಿಸಬೇಕೆಂಬ ಆತುರದಲ್ಲಿ ಸರಸರನೆ ಗುರುತು ಹಾಕಿದೆ. ಕೋಳಿಯ ಮುಂದೆ ಗುರುತು ಹಾಕುವಾಗ ನಮ್ಮ ಬೀದಿಯ ಕೋಳಿಯೊಂದು ಕಿಟಕಿಯ ಕೆಳಗೇ ಕೆದಕುತ್ತಿದ್ದದ್ದು ಚೆನ್ನಾಗಿ ನೆನಪಿದೆ.

ಮತ್ತೆ ಒಂದು ತಿಂಗಳಿಗೆ ದೃಶ್ಯದ ವಿಡಿಯೊ ಬಂತು. ನೋಡಿ ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅದೇ ಮುಳ್ಳುಬೇಲಿ, ಅದೇ ಕಲ್ಲು, ಅದೇ ದೊಡ್ಡೆತ್ತು. ಮಟಮಟ ಮಧ್ಯಾಹ್ನವೇ ಬೈಕು ಹತ್ತಿ ಹಟ್ಟಿಗೆ ಹೋದೆ. ಹೊಂಗೆ ಮರದ ನೆರಳಲ್ಲಿ ಕೂತಿದ್ದ ಪಾಲಯ್ಯಜ್ಜನ ಕೈಗೆ ಫೋನು ಕೊಟ್ಟೆ. ಅವನು ಅದನ್ನು ದೂರಕ್ಕೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದ. ಮುಖ ಅರಳಿತು.

“ಓಹೋ, ದೊಡ್ಡೆತ್ತು! ಕೊಂಬು ಹಂಗೇ ಐತಲ್ಲಲೇ! ಗಂಟೆ ಅದೇ…”

ಫೋನನ್ನು ಹತ್ತಿರ ತಂದುಕೊಂಡ.

“ಇದು ಯಾರ ಹಟ್ಟಿ ತಮ್ಮ?”

“ನಿಮ್ದೇ ಅಜ್ಜ.”

“ನಮ್ದಲ್ಲ ಬಿಡು. ಕೋಳಿ ಅದಾವೆ.”

ನನಗೆ ಅರ್ಥವಾಗಲಿಲ್ಲ. ಪೆದ್ದುಪೆದ್ದಾಗಿ, “ಕೋಳಿ ಇದ್ರೇನಾತು?” ಅಂದೆ.

ಪಾಲಯ್ಯಜ್ಜ ಬೈದಿದ್ದರೆ ವಾಸಿಯಿತ್ತು. ಅವನು ಫೋನನ್ನು ನನ್ನ ತೊಡೆಯ ಮೇಲಿಟ್ಟ. “ನಾವು ಕೋಳಿ ತಿನ್ನಲ್ಲ, ಸಾಕಲ್ಲ, ಹಟ್ಟಿ ಒಳಕ್ಕೆ ಬಿಟ್ಕಳಲ್ಲ. ದೇವರಿಗೆ ಆಗಿಬರಲ್ಲ. ನಮ್ ಹಿರೇರು ಮಾಡಿದ್ದು, ನಾವು ನಡೆಸ್ಕೊಂಡು ಹೊಂಟೀವಿ. ನೀನು ಎಷ್ಟು ಸಲ ಬಂದೆ ಇಲ್ಲಿಗೆ?”

“ಹನ್ನೊಂದು.”

“ಒಂದು ದಿನನಾದ್ರೂ ಕೋಳಿ ಕೂಗಿದ್ದು ಕೇಳಿದೇನು?”

ಮನೆಗೆ ಬಂದು ನಾನು ಹಿಡಿದಿದ್ದ ಸದ್ದುಗಳನ್ನೆಲ್ಲ ಮೊದಲಿನಿಂದ ಕೇಳಿದೆ. ನಾಯಿ, ಕುರಿ, ಕೊಡಪಾನ, ಗಾಳಿ, ಯಾರದೋ ಕೆಮ್ಮು. ಕೋಳಿ ಎಲ್ಲೂ ಇರಲಿಲ್ಲ. ಹನ್ನೊಂದು ದಿನ ಕಿವಿಗೆ ಯಂತ್ರ ಹಾಕಿಕೊಂಡು ಕೂತವನಿಗೆ ಅದು ತಿಳಿಯದೆ ಹೋಗಿತ್ತು. ಮಾರ್ತಾಳ ಒಂಟೆಗೆ ನಕ್ಕ ನಾನು, ಇಷ್ಟು ಹತ್ತಿರದ ಹಟ್ಟಿಗೆ ಅವಳಷ್ಟೇ ದೂರದವನಾಗಿದ್ದೆ. ಅವಳಿಗೆ ಒಂಟೆ ತಪ್ಪೆಂದು ಹೇಳಲು ನಾನಾದರೂ ಇದ್ದೆ.

ಮಾರ್ತಾಳಿಗೆ ಬರೆದೆ. ಅವಳ ಉತ್ತರ ಬರುವವರೆಗೆ ಒಳಗೂ ಹೊರಗೂ ಅಲೆದೆ. ಮಗ್ಗದ ಮನೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಬೀದಿಗೆ.

“ಏಮಿರಾ, ಕಾಲಿಗೆ ಚಕ್ರ ಕಟ್ಕೊಂಡೀಯೇನು? ಒಂದ್ ಕಡೆ ಕೂಕೋ” ಎಂದು ಅವ್ವ ಕಂಡಿಕೆ ಸುತ್ತುತ್ತಲೇ ಗದರಿಸಿದಳು. “ಕೋಳಿ ತೆಗ್ದ್ರೆ ಆತಪ್ಪ. ನೀನು ಗ್ರಾಫ್‌ನಾಗ ಹಂಸ ತೆಗ್ಯಲ್ವಾ, ಹಂಗೆ.”

ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಮಾರ್ತಾ ರಾತ್ರಿ ಫೋನ್ ಮಾಡಿ ಹೇಳಿದ್ದೇ ಬೇರೆ. ಆ ದೃಶ್ಯದಲ್ಲಿ ಕೋಳಿಗಳೇ ಕಾವಲು. ಅಡಗಿದ ನಾಯಕ ಎಚ್ಚರ ತಪ್ಪಿ ಹತ್ತಿರ ಹೋದರೆ ಅವು ಕೂಗಿಕೊಳ್ಳುತ್ತವೆ, ಶತ್ರುಗಳು ಬಂದು ಹಿಡಿಯುತ್ತಾರೆ. ಕೋಳಿ ತೆಗೆದರೆ ಆಟವೇ ಇಲ್ಲ. ಎಲ್ಲವನ್ನೂ ಮುಗಿಸಿ, ಇನ್ನು ಬದಲಾವಣೆ ಇಲ್ಲವೆಂದು ಗೇಮಿಗೆ ಬೀಗ ಹಾಕಲು ಉಳಿದಿದ್ದದ್ದು ಹದಿನೆಂಟು ದಿನ.

“ಪಟ್ಟಿಯಲ್ಲಿ ನೀನೇ ಗುರುತು ಹಾಕಿದ್ದೆಯಲ್ಲ ಶ್ರೀನಿವಾಸ್?” ಎಂದು ಕೇಳಿದಳು. ದೂರಲಿಲ್ಲ, ಕೇಳಿದಳು ಅಷ್ಟೆ.

“ಹೌದು. ಕೇಳದೆ ಹಾಕಿದೆ.”

“ನಮ್ಮ ಮೇಲಿನವರು, ಅದು ಕಲ್ಪನೆಯ ಹಳ್ಳಿ, ಯಾರಿಗೆ ಗೊತ್ತಾಗುತ್ತದೆ ಅನ್ನುತ್ತಾರೆ.”

“ಒಬ್ಬರಿಗೆ ಈಗಾಗಲೇ ಗೊತ್ತಾಗಿದೆ” ಅಂದೆ.

ಮರುದಿನ ಹಟ್ಟಿಗೆ ಹೋದೆ. ಬೇರೆ ಏನೂ ಹೊಳೆಯದೆ ನಿಜ ಹೇಳಿಬಿಡೋಣವೆಂದು ಹೋದೆ. ಎತ್ತುಗಳು ಹುಲ್ಲುಗಾವಲಿನಲ್ಲಿ ಒಣಹುಲ್ಲು ಹುಡುಕುತ್ತಿದ್ದವು. ಬಿಸಿಗಾಳಿಗೆ ದೂರದಲ್ಲಿ ಧೂಳು ಸುತ್ತಿ ಸುತ್ತಿ ಏಳುತ್ತಿತ್ತು. ಪಟ್ಟಿಯಲ್ಲಿ ಕೋಳಿಗೆ ಗುರುತು ಹಾಕಿದವನು ನಾನೇ ಎಂದು ಪಾಲಯ್ಯಜ್ಜನಿಗೆ ಹೇಳಿದೆ. ತೆಗೆಯಲು ಬರುವುದಿಲ್ಲ, ಅವು ಯಾರಾದರೂ ಬಂದರೆ ಕೂಗಲಿಕ್ಕೆ ಇವೆ ಎಂದೂ ಹೇಳಿದೆ. ಅವನು ಕೋಲಿನ ಮೇಲೆ ಗದ್ದ ಊರಿ ಪೂರ್ತಿ ಕೇಳಿದ. ಆಮೇಲೆ ನಗತೊಡಗಿದ.

“ಅಯ್ಯೋ ಹುಚ್ಚಪ್ಪ, ಯಾರಾದ್ರೂ ಬಂದ್ರೆ ಕೂಗಾಕೆ ಕೋಳಿ ಯಾಕಲೇ? ನೀನು ಈಗ ಬಂದ್ಯಲ್ಲ, ನಾನು ಈ ಕಡೆ ತಿರುಗಿ ಕೂತಿದ್ದೆ. ನೀನು ಬಂದಿದ್ದು ನನಿಗೆ ಹೆಂಗೆ ಗೊತ್ತಾತು?”

“ಬೈಕಿನ ಸದ್ದು.”

“ಅದಕ್ಕಿಂತ ಮೊದ್ಲು.” ಕೋಲೆತ್ತಿ ತೋರಿಸಿದ. ಬೋಳು ನೆಲದ ಮೇಲೆ ಉದ್ದಕಾಲಿನ ಹಕ್ಕಿಯೊಂದು ನಿಂತು ನಮ್ಮನ್ನೇ ನೋಡುತ್ತಿತ್ತು. “ಟಿಟ್ಟಿಭ. ಕಲ್ಲಿನ ನಡುವೆ ಮೊಟ್ಟೆ ಇಟ್ಟೈತೆ. ಹತ್ರ ಹೋಗು, ಕಿವಿ ಕಿತ್ತೋಗಂಗೆ ಕೂಗ್ತೈತೆ. ಇದು ಇರಾತಂಕ ನಮಿಗೆ ನಾಯಿನೂ ಬ್ಯಾಡ.”

ನಾನು ಎರಡು ಹೆಜ್ಜೆ ಇಟ್ಟೆ. ಹಕ್ಕಿ ಮೇಲೆದ್ದು ತಲೆಯ ಮೇಲೆ ಸುತ್ತು ಹೊಡೆಯುತ್ತ ಇಡೀ ಬಯಲಿಗೆ ಕೇಳುವಂತೆ ಟಿಟ್ಟಿಟ್ಟೀ ಎಂದು ಅರಚಿತು. ಆ ಕ್ಷಣದಲ್ಲಿ ನನಗಾದ ಖುಷಿಗೆ ಅದರ ಜೊತೆ ನಾನೂ ಅರಚಿದ್ದರೆ ಆಶ್ಚರ್ಯವಿರಲಿಲ್ಲ.

ಮುಂದಿನ ಒಂಬತ್ತು ದಿನ ನಾನು ಮಾಡಿದ್ದು ಅದೊಂದೇ. ಟಿಟ್ಟಿಭ ಓಡುವುದು, ನಿಲ್ಲುವುದು, ಎದ್ದು ಹಾರುವುದು, ಒಂದೊಂದು ಬಗೆಯ ಕೂಗು. ಮೊಟ್ಟೆಗೆ ತೊಂದರೆಯಾಗದಂತೆ ದೂರದ ಬಂಡೆಯ ಮರೆಯಲ್ಲಿ ಕೂರುತ್ತಿದ್ದೆ. ಕತ್ತಿನ ಚರ್ಮ ಸುಲಿಯಿತು. ಅದೇ ಹುಮ್ಮಸ್ಸಿನಲ್ಲಿ ಎತ್ತುಗಳ ಬಗ್ಗೆ ನಾಲ್ಕು ಪುಟದ ಟಿಪ್ಪಣಿಯನ್ನೂ ಬರೆದೆ. ಏರಬಾರದು, ಹೊಡೆಯಬಾರದು, ನೊಗ ತೋರಿಸಬಾರದು, ಮಾರುವ ಮಾತೆತ್ತಬಾರದು. ಒಂದು ವಾಕ್ಯವನ್ನೂ ಪಾಲಯ್ಯಜ್ಜನನ್ನು ಕೇಳದೆ ಬರೆಯಲಿಲ್ಲ. ಎಲ್ಲವನ್ನೂ ಕಳಿಸಿದೆ. ಮಾರ್ತಾ, “ಹಕ್ಕಿ ಅದ್ಭುತವಾಗಿದೆ. ಪ್ರಯತ್ನಿಸುತ್ತೇನೆ, ಮಾತು ಕೊಡಲಾರೆ” ಎಂದು ಬರೆದಳು.

ಅದೇ ಅವಳ ಕೊನೆಯ ಕಾಗದ. ಹದಿನೆಂಟು ದಿನ ಕಳೆಯಿತು, ಮತ್ತೆ ಹದಿನೆಂಟು ಕಳೆಯಿತು. ಬರೆದರೆ, ಮಾರ್ತಾ ಈಗ ಬೇರೆ ಕೆಲಸದಲ್ಲಿದ್ದಾರೆ ಎಂದು ಯಾರೋ ಉತ್ತರಿಸಿದರು. ನನ್ನ ಕೆಲಸ ಮುಗಿದಿತ್ತು. ಜೂನಿನಲ್ಲಿ ಒಂದು ಹದ ಮಳೆಯಾಯಿತು, ಬಿ.ಜಿ. ಕೆರೆಯ ಕಡೆಯೆಲ್ಲ ಶೇಂಗಾ ಬಿತ್ತಿದರು. ಮರುವರ್ಷ ಗೇಮು ಬಿಡುಗಡೆಯಾಯಿತೆಂದು ಓದಿದೆ. ಅದನ್ನು ಆಡುವ ದುಬಾರಿ ಯಂತ್ರ ನಮ್ಮ ಕಡೆ ಯಾರ ಹತ್ತಿರವೂ ಇರಲಿಲ್ಲ. ವಿಡಿಯೊ ಹುಡುಕಬಹುದಿತ್ತು. ಹೆಸರು ಟೈಪು ಮಾಡುತ್ತಿದ್ದೆ, ಅಳಿಸುತ್ತಿದ್ದೆ. ಕೋಳಿ ಇದ್ದರೆ ಪಾಲಯ್ಯಜ್ಜನಿಗೆ ಏನು ಹೇಳುವುದು? ನನ್ನ ಹೆಸರು ಬೇರೆ ಕೆಳಗೆ ಬಂದಿರುತ್ತದೆ. ಚಳ್ಳಕೆರೆಗೆ ಹೋಗುವಾಗ ಹಟ್ಟಿಯ ಕೈಮರ ಬಂದರೆ ಇನ್ನೊಂದು ಕಡೆ ಮುಖ ಮಾಡುತ್ತಿದ್ದೆ. ಮೂರು ವರ್ಷ ಆ ಹಟ್ಟಿಗೆ ಕಾಲಿಡಲಿಲ್ಲ.

ರಫೀಕ್ ಭಾಯ್ ಅಂಗಡಿಯಲ್ಲಿ ಕೊನೆಗೂ ಫೋನನ್ನು ತಿರುಗಿಸಿ ನೋಡಿದೆ. ಗೇಮು ಈಗ ಫೋನಿಗೂ ಬಂದಿತ್ತು. ಬೇಲಿ ಇತ್ತು, ಬಂಡೆ ಇತ್ತು. ಗುಡಿಸಲುಗಳ ಸಂದಿಯಲ್ಲಿ, ಕಣದಲ್ಲಿ, ಬಾವಿಯ ಹತ್ತಿರ ನೆಲವನ್ನೇ ನೋಡುತ್ತ ನಾಯಕನನ್ನು ಓಡಿಸಿದೆ. ಕೋಳಿ ಇರಲಿಲ್ಲ. ಹಟ್ಟಿ ದಾಟಿ ಬಯಲಿಗೆ ಕಾಲಿಟ್ಟೆ. ಟಿಟ್ಟಿಟ್ಟೀ! ಉದ್ದಕಾಲಿನ ಹಕ್ಕಿ ಪರದೆಯ ತುಂಬ ಎದ್ದಿತು. ಶತ್ರುಗಳು ಬಂದು ನಾಯಕನನ್ನು ಕೊಂದರು. ನಾನು ಅಂಗಡಿ ಅದುರುವಂತೆ ಕೂಗಿದೆ.

“ಜೀತ್ ಗಯೇ ಕ್ಯಾ? ಗೆದ್ರಾ?” ಎಂದು ರಫೀಕ್ ಭಾಯ್ ಕೇಳಿದರು.

“ಸತ್ತೆ ಭಾಯ್! ಸತ್ತೆ!” ಅಂದೆ.

ನನ್ನ ಫೋನಿಗೆ ಗೇಮು ಹಾಕಿಸಿಕೊಂಡು ನೆಟ್ಟಗೆ ಹಟ್ಟಿಗೆ ಹೋದೆ. ಸಂಜೆ ಎತ್ತುಗಳು ರೊಪ್ಪಕ್ಕೆ ಬಂದಿದ್ದವು. ಚಪ್ಪಲಿ ಕಲ್ಲಿನ ಮೇಲೆ ಬಿಟ್ಟು ಒಳಗೆ ಓಡಿದೆ. ಪಾಲಯ್ಯಜ್ಜನ ಬೆನ್ನು ಬಾಗಿತ್ತು. “ಬಂದೇನಪ್ಪ, ದಾರಿ ಮರ್ತಿದ್ದೆ ಅಂದ್ಕಂಡಿದ್ದೆ” ಅಂದನೇ ಹೊರತು ಬೇರೇನೂ ಕೇಳಲಿಲ್ಲ. ದೊಡ್ಡೆತ್ತು ಕಾಣಲಿಲ್ಲ. ಹೋದ ದೀಪಾವಳಿಗೆ ಮುಂಚೆ ತೀರಿಕೊಂಡಿತಂತೆ. ಹಟ್ಟಿಯವರೆಲ್ಲ ಸೇರಿ ಮಣ್ಣು ಮಾಡಿದರಂತೆ. ಗಂಟೆಯೂ ಅದರ ಜೊತೆಗೇ ಹೋಯಿತಂತೆ.

ನಾನು ಗೇಮು ತೆರೆದು ಅವನ ಮುಂದೆ ಹಿಡಿದೆ. ಕೋಳಿ ಇಲ್ಲದ ಹಟ್ಟಿಯನ್ನು ಅವನು ಮೂಲೆ ಮೂಲೆ ನೋಡಿದ. ಟಿಟ್ಟಿಭ ಕೂಗಿದಾಗ ನನ್ನ ಭುಜಕ್ಕೆ ಒಂದು ಏಟು ಹಾಕಿದ. ಆಮೇಲೆ ದೊಡ್ಡೆತ್ತು ನಡೆದುಬಂತು. ಗಂಟೆ ಟಣ್ಣೆಂದಿತು. ಪಾಲಯ್ಯಜ್ಜನ ಕಣ್ಣು ತುಂಬಿತು, ನನ್ನದೂ ತುಂಬಿತು. ಅದನ್ನು ಹತ್ತಿರದಿಂದ ತೋರಿಸೋಣವೆಂದು ನಾಯಕನನ್ನು ರೊಪ್ಪದೊಳಕ್ಕೆ ನಡೆಸಿದೆ.

“ಲೇ ಲೇ ಲೇ, ನಿಂದ್ರಿಸು!” ಪಾಲಯ್ಯಜ್ಜ ಎದ್ದೇಬಿಟ್ಟ. “ಕೆರ ಹಾಕ್ಕಂಡು ಹೊಂಟಾನಲ್ಲ ಒಳಕ್ಕೆ! ಬಿಚ್ಚು ಅನ್ನು ಅವ್ನಿಗೆ!”

ನೋಡಿದೆ. ನಾಯಕನ ಕಾಲಲ್ಲಿ ಮೊಣಕಾಲುದ್ದದ ಬೂಟುಗಳಿದ್ದವು. ನಾಲ್ಕು ಪುಟ ಬರೆದಿದ್ದೆ, ಚಪ್ಪಲಿಯ ಮಾತು ಒಂದು ಸಾಲಿನಲ್ಲೂ ಬರೆದಿರಲಿಲ್ಲ. ಪಾಲಯ್ಯಜ್ಜ ನನಗೆ ಹೇಳಿದ ಮೊಟ್ಟಮೊದಲ ಮಾತು ಅದು. ಹೋದಾಗಲೆಲ್ಲ ಬಿಟ್ಟು ಬಿಟ್ಟು ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಅದನ್ನೂ ಬರೆಯಬೇಕೆಂದು ಹೊಳೆದೇ ಇರಲಿಲ್ಲ.

ಇದ್ದ ಗುಂಡಿಗಳನ್ನೆಲ್ಲ ಒತ್ತಿದೆ. ನಾಯಕ ಹಾರಿದ, ಕುಕ್ಕರುಗಾಲಲ್ಲಿ ಕೂತ, ಕತ್ತಿ ಹಿರಿದ. ಬೂಟು ಬಿಚ್ಚಲಿಲ್ಲ.

“ಬರಲ್ಲ ಅಜ್ಜ. ಅವನಿಗೆ ಬಿಚ್ಚಾಕೆ ಬರಲ್ಲ. ನಾನು ಹೇಳಿಕೊಟ್ಟಿಲ್ಲ.”

ಪಾಲಯ್ಯಜ್ಜ ನನ್ನನ್ನು ನೋಡಿದ, ಫೋನನ್ನು ನೋಡಿದ. ಸಿಟ್ಟಿರಲಿಲ್ಲ.

“ಹಂಗಾರೆ ಅವ್ನನ್ನೇ ನಿನ್ ಕೆರದ ಜತಿಗೆ ಇಟ್ಟು ಬಾ.”

ಎದ್ದು ಹೋಗಿ ಫೋನನ್ನು ಚಪ್ಪಟೆ ಕಲ್ಲಿನ ಮೇಲೆ, ನನ್ನ ಚಪ್ಪಲಿಗಳ ಪಕ್ಕದಲ್ಲಿ ಇಟ್ಟು ಬಂದೆ. ಆರಿಸಲಿಲ್ಲ. ಬೇಲಿಯಾಚೆಯಿಂದ ಒಡಕು ಗಂಟೆ ಮತ್ತೆ ಟಣ್ಣೆಂದಿತು. ರೊಪ್ಪದಲ್ಲಿ ಮಲಗಿದ್ದ ಎತ್ತುಗಳು ಒಂದೊಂದಾಗಿ ಎದ್ದು ಆ ಕಡೆ ಹೊರಟವು.